ನೊಂಗ್ ಖಾಯ್ ಬಿಡುವ ಮೊದಲು: ಕೊನೆಯ ವಾರಗಳನ್ನು ನಾನು ಕಳೆದ ರೀತಿ

ಮೆಕಾಂಗ್ ನದಿಯ ಈ ದಡ ಥಾಯ್ಲೆಂಡ್, ಆ ದಡ ಲಾವೋಸ್. ಈ ದಡದ ನೊಂಗ್ ಖಾಯ್ ಊರಿನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ಏಪ್ರಿಲ್ ನಡುವಿನಿಂದ ಅಕ್ಟೋಬರ್ ಎರಡನೇ ವಾರದವರೆಗೆ ಇದ್ದೆ. ಪುಸ್ತಕಗಳ ಪುಟವಿನ್ಯಾಸ ನನ್ನ ಕಸುಬು. ಬೆಂಗಳೂರಿನ ಪ್ರಕಾಶಕರಿಗೆ ಫೈಲ್ ಸಮಯಕ್ಕೆ ಹೋದರೆ ಸಾಕು, ಎಲ್ಲಿ ಕೂತು ಮಾಡಿದೆ ಅಂತ ಯಾರೂ ಕೇಳುವುದಿಲ್ಲ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ಬೆಂಗಳೂರಿನವರು ಕಾಫಿ ಮುಗಿಸಿ ಫೋನ್ ಶುರು ಮಾಡುವ ಹೊತ್ತಿಗೆ ನನ್ನ ಅರ್ಧ ಕೆಲಸ ಮುಗಿದಿರುತ್ತಿತ್ತು.

ನಾನು ಹೋಗಿದ್ದು ಡಿಟಿವಿ ಎನ್ನುವ ವೀಸಾದಲ್ಲಿ. ದೂರದಿಂದಲೇ ಕೆಲಸ ಮಾಡುವವರಿಗೆ ಅನುಕೂಲವಾಗಲಿ ಅಂತ 2024ರ ಜುಲೈನಲ್ಲಿ ಥಾಯ್ ಸರ್ಕಾರ ಅದನ್ನು ತಂದಿತು. ಐದು ವರ್ಷದ ವೀಸಾ, ಒಂದು ಸಲ ಒಳಗೆ ಬಂದರೆ 180 ದಿನ ಇರಬಹುದು. 5 ಲಕ್ಷ ಬಾತ್ ಖಾತೆಯಲ್ಲಿದೆ ಅಂತ ತೋರಿಸಬೇಕು. ಆಗಿನ ದರಕ್ಕೆ ನಮ್ಮ ದುಡ್ಡಲ್ಲಿ 13 ಲಕ್ಷದ ಆಸುಪಾಸು.

ನೊಂಗ್ ಖಾಯ್‌ನ ಕಷ್ಟ ಏನೆಂದರೆ, ಅಲ್ಲಿ ಗಡುವು ಅನ್ನೋದು ಗಡುವೇ ಅಲ್ಲ. ಊರ ಪಕ್ಕದಲ್ಲೇ ಥಾಯ್-ಲಾವೋ ಸ್ನೇಹ ಸೇತುವೆ. ಆಸ್ಟ್ರೇಲಿಯಾ ಸರ್ಕಾರದ ನೆರವಿನಲ್ಲಿ ಕಟ್ಟಿದ್ದು, 1994ರ ಏಪ್ರಿಲ್‌ನಲ್ಲಿ ತೆರೆದದ್ದು, 1,170 ಮೀಟರ್ ಉದ್ದ. ಬಸ್ಸು ಹತ್ತಿ ಸೇತುವೆ ದಾಟಿ, ಲಾವೋಸಿನ ರಾಜಧಾನಿ ವಿಯೆಂಟಿಯಾನ್‌ನಲ್ಲಿ ಊಟ ಮಾಡಿ ವಾಪಸ್ ಬಂದರೆ ಪಾಸ್‌ಪೋರ್ಟಿಗೆ ಹೊಸದಾಗಿ 180 ದಿನ. ಸಂಜೆ ನದಿ ದಂಡೆಗೆ ವಾಕಿಂಗ್ ಹೋದಾಗ ದೂರದಲ್ಲಿ ಆ ಸೇತುವೆ ಕಾಣುತ್ತದೆ. ಇನ್ನೊಂದು ಆರು ತಿಂಗಳು ಇದ್ದುಬಿಡೋಣ ಅಂತ ಅನ್ನಿಸದ ದಿನವೇ ಇರಲಿಲ್ಲ. ಆದರೆ ದೀಪಾವಳಿಗೆ ತೀರ್ಥಹಳ್ಳಿಯಲ್ಲಿ ಇರುತ್ತೇನೆ ಅಂತ ಅಮ್ಮನಿಗೆ ಮಾತು ಕೊಟ್ಟಾಗಿತ್ತು. ಹಬ್ಬ ಆದ ಮೇಲೆ ಅಡಿಕೆ ಕೊಯ್ಲು. ಮನೆಯಲ್ಲಿ ಜನ ಬೇಕು.

ಆಗಸ್ಟ್ ಕೊನೆಯಲ್ಲಿ ವಿಮಾನದ ಟಿಕೆಟ್ ತೆಗೆದೆ. ಬ್ಯಾಂಕಾಕಿನಿಂದ ಬೆಂಗಳೂರಿಗೆ ನೇರ ವಿಮಾನಗಳಿವೆ. ವೀಸಾ ಗಡುವಿಗೆ ಎರಡು ದಿನ ಉಳಿಯುವ ಹಾಗೆ ನೋಡಿಕೊಂಡೆ. ಗಡುವು ಮೀರಿದರೆ ದಿನಕ್ಕೆ 500 ಬಾತ್ ದಂಡ, ಹೆಚ್ಚೆಂದರೆ 20,000. ದಂಡಕ್ಕಿಂತ ಪಾಸ್‌ಪೋರ್ಟಿನ ಮೇಲೆ ಉಳಿಯುವ ಆ ಗುರುತೇ ಮುಂದಿನ ಸಲ ತಲೆನೋವು. ಟಿಕೆಟ್ ಕೈಗೆ ಬಂದ ಮೇಲೆ ಸೇತುವೆಯ ಮಾತು ಮನಸ್ಸಿನಿಂದ ಹೋಯಿತು.

ನನ್ನ ಏರ್ಪಾಡು ಇಷ್ಟೇ. ಕಾಗದಪತ್ರ ಮೊದಲು, ಸಾಮಾನು ಆಮೇಲೆ, ಕೊನೆಯ ವಾರ ಪೂರ್ತಿ ಜನರಿಗೆ. ನೋಡದೆ ಉಳಿದ ಜಾಗಗಳನ್ನು ನೋಡದೆಯೇ ಬಿಡುವುದು. ಈ ಕೊನೆಯದಕ್ಕೆ ನನ್ನ ಗೆಳತಿಯರೆಲ್ಲ ಬೈದರು. ಅದಕ್ಕೆ ಆಮೇಲೆ ಬರುತ್ತೇನೆ.

ಕಾಗದಪತ್ರದಲ್ಲಿ ದೊಡ್ಡದು ಕೋಣೆಯದು. ಅಲ್ಲಿ ಬಿಡುವುದಕ್ಕೆ ಒಂದು ತಿಂಗಳು ಮೊದಲು ಹೇಳಬೇಕು, ಇಲ್ಲದಿದ್ದರೆ ಮುಂಗಡ ಹೋಯಿತು ಅಂತಲೇ ಲೆಕ್ಕ. ನಾನು ಎರಡು ತಿಂಗಳ ಬಾಡಿಗೆಯಷ್ಟು ಮುಂಗಡ ಕೊಟ್ಟಿದ್ದೆ. ಮನೆ ಒಡತಿಗೆ ಅರವತ್ತೈದರ ಮೇಲೆ ವಯಸ್ಸು. ಎಲ್ಲರೂ ಅವರನ್ನು ‘ಪಾ’ ಅನ್ನುತ್ತಾರೆ, ದೊಡ್ಡಮ್ಮ ಅಂದ ಹಾಗೆ. ನಾನೂ ಹಾಗೇ ಕರೆಯುತ್ತಿದ್ದೆ. ಬಾಯಲ್ಲಿ ಹೇಳಿದ್ದು ಸಾಲದು ಅಂತ ಲೈನ್ ಆ್ಯಪ್‌ನಲ್ಲಿ ತಾರೀಕು ಬರೆದು ಕಳಿಸಿದೆ. ಥಾಯ್ಲೆಂಡಿನಲ್ಲಿ ವಾಟ್ಸ್ಯಾಪ್ ನಡೆಯುವುದು ಕಡಿಮೆ, ಎಲ್ಲ ಲೈನ್‌ನಲ್ಲೇ. ಅವರು ಒಂದು ಅಳುವ ಕರಡಿಯ ಚಿತ್ರ ಕಳಿಸಿದರು, ಅದರ ಕೆಳಗೇ ಕರೆಂಟ್ ಮೀಟರಿನ ಫೋಟೊ. ಬಾಡಿಗೆ ಕೋಣೆಗಳಲ್ಲಿ ಕರೆಂಟನ್ನು ಯೂನಿಟ್ಟಿಗೆ ಇಷ್ಟು ಅಂತ ಮಾಲೀಕರೇ ಹಾಕುತ್ತಾರೆ, ಸರ್ಕಾರದ ದರಕ್ಕಿಂತ ಜಾಸ್ತಿ. ಒಳಗೆ ಬರುವ ದಿನ ಮೀಟರ್ ಎಷ್ಟಿತ್ತು, ಗೋಡೆ ಹೇಗಿತ್ತು, ಬಚ್ಚಲ ನಲ್ಲಿ ಎಲ್ಲಿ ತುಕ್ಕು ಹಿಡಿದಿತ್ತು ಅಂತೆಲ್ಲ ಫೋನಿನಲ್ಲಿ ವಿಡಿಯೊ ಮಾಡಿಟ್ಟಿದ್ದೆ. ಬಿಡುವುದಕ್ಕೆ ಎರಡು ವಾರ ಮೊದಲು ಇಬ್ಬರೂ ಕೂತು ಅದನ್ನು ನೋಡಿದೆವು. ಎಸಿ ತೊಳೆಸುವ ಖರ್ಚು ನನ್ನದು, ಅದು ಅಲ್ಲಿಯ ವಾಡಿಕೆ. ಮಿಕ್ಕಿದ್ದನ್ನು ಹೊರಡುವ ಬೆಳಗ್ಗೆ ನಗದಾಗಿ ಕೊಡುವುದು ಅಂತ ಮಾತಾಯಿತು. ಬ್ಯಾಂಕಿಗೆ ಆಮೇಲೆ ಹಾಕುತ್ತೇನೆ ಅಂದರೆ ಒಪ್ಪಬೇಡಿ. ನಂಬಿಕೆಯ ಪ್ರಶ್ನೆ ಅಲ್ಲ, ಅಲ್ಲಿಂದ ನಮ್ಮ ಖಾತೆಗೆ ಸಣ್ಣ ಮೊತ್ತ ಕಳಿಸುವುದೇ ರಗಳೆ.

ವಲಸೆ ಕಚೇರಿಯ ಕೆಲಸ ಕೊನೆಯಲ್ಲಿ ಏನೂ ಇರಲಿಲ್ಲ. ವಿದೇಶಿಯರು ಉಳಿದುಕೊಂಡ 24 ಗಂಟೆಯೊಳಗೆ ಮನೆಯವರು ಟಿಎಂ 30 ಅನ್ನುವ ವರದಿ ಕೊಡಬೇಕು. ಪಾ ಅದನ್ನು ಏಪ್ರಿಲ್‌ನಲ್ಲೇ ಕೊಟ್ಟಿದ್ದರು. 90 ದಿನ ಒಂದೇ ಸಮನೆ ಉಳಿದರೆ ನಾವೇ ಹೋಗಿ ಟಿಎಂ 47 ಕೊಡಬೇಕು. ಅದು ಜುಲೈನಲ್ಲಿ ಮುಗಿದಿತ್ತು. ಊರು ಬಿಡುತ್ತೇನೆ ಅಂತ ಪ್ರತ್ಯೇಕ ಹೇಳಬೇಕಾಗಿಲ್ಲ. ಗಡಿಯಲ್ಲಿ ಮುದ್ರೆ ಬಿದ್ದರೆ ಮುಗಿಯಿತು.

ದುಡ್ಡಿನ ಲೆಕ್ಕಕ್ಕೆ ಮಾತ್ರ ಸ್ವಲ್ಪ ತಲೆ ಓಡಿಸಬೇಕು. ನನಗೆ ಥಾಯ್ ಬ್ಯಾಂಕ್ ಖಾತೆ ಇರಲಿಲ್ಲ. ಅಲ್ಲಿ ತರಕಾರಿಯವಳಿಂದ ಹಿಡಿದು ಟುಕ್‌ಟುಕ್‌ನವನವರೆಗೆ ಎಲ್ಲರ ಹತ್ತಿರ ಕ್ಯೂಆರ್ ಕೋಡ್ ಇದೆ, ಆದರೆ ಅದು ಅಲ್ಲಿಯ ಖಾತೆ ಇದ್ದವರಿಗೆ. ನಮ್ಮ ಕಾರ್ಡ್ ಹಾಕಿ ಎಟಿಎಂನಲ್ಲಿ ತೆಗೆದರೆ ಪ್ರತಿ ಸಲ 220 ಬಾತ್ ಮುರಿದುಕೊಳ್ಳುತ್ತಿದ್ದರು. ನೂರು ತೆಗೆದರೂ ಅಷ್ಟೇ, ಹತ್ತು ಸಾವಿರ ತೆಗೆದರೂ ಅಷ್ಟೇ. ಹಾಗಾಗಿ ಕೊನೆಯ ತಿಂಗಳ ಖರ್ಚನ್ನು ಕಾಗದದ ಮೇಲೆ ಬರೆದು ಒಂದೇ ಸಲ ತೆಗೆದೆ. ಮುಂಗಡ ವಾಪಸ್ ಬರುವುದರಿಂದ ಬ್ಯಾಂಕಾಕಿನ ಖರ್ಚು ಅದರಲ್ಲೇ ಆಗುತ್ತದೆ ಅಂತ ಲೆಕ್ಕ. ಹಾಗೇ ಆಯಿತು.

ಸಾಮಾನಿನ ವಿಷಯ ಇನ್ನೂ ಸ್ವಾರಸ್ಯ. ಆರು ತಿಂಗಳಲ್ಲಿ ಎಷ್ಟು ಗುಡ್ಡೆ ಹಾಕಿಕೊಂಡಿರುತ್ತೇವೆ ಅಂತ ಬಿಡುವಾಗಲೇ ಗೊತ್ತಾಗೋದು. ಅನ್ನದ ಕುಕ್ಕರ್, ನಿಲ್ಲಿಸುವ ಫ್ಯಾನ್, ಮಡಚುವ ಮೇಜು, ಹಿತ್ತಲಿನಿಂದ ತಂದು ಡಬ್ಬಿಯಲ್ಲಿ ನೆಟ್ಟ ತುಳಸಿ, ಅಲ್ಲಿಯವರು ಅಡುಗೆಗೆ ಹಾಕುವ ಜಾತಿಯದು. ಮತ್ತೆ ಸೈಕಲ್. ಜಪಾನಿನಿಂದ ಹಳೇ ಸೈಕಲ್ಲುಗಳು ಥಾಯ್ಲೆಂಡಿಗೆ ರಾಶಿ ರಾಶಿ ಬರುತ್ತವೆ. ಮುಂದೆ ತಂತಿ ಬುಟ್ಟಿ, ಕಾಲಿಗೆ ಹಗುರ. ನನ್ನದೂ ಅಂಥದ್ದೇ. ಆ ಊರು ತಟ್ಟೆಯ ಹಾಗೆ ಸಮತಟ್ಟು, ಸೈಕಲ್ ಒಂದಿದ್ದರೆ ಮತ್ತೇನೂ ಬೇಡ.

ಇಂಥವನ್ನು ಪುಕ್ಕಟೆ ಕೊಡಲು ಹೋಗಲಿಲ್ಲ. ಪುಕ್ಕಟೆ ಅಂದರೆ ತೆಗೆದುಕೊಳ್ಳುವವರಿಗೆ ಮುಜುಗರ, ಮರುದಿನ ಅವರು ಅದರ ಎರಡರಷ್ಟು ಹಣ್ಣು ತಂದು ಕೊಡುತ್ತಾರೆ. ಒಂದು ಸಣ್ಣ ಬೆಲೆ ಹೇಳಿಬಿಟ್ಟರೆ ಇಬ್ಬರಿಗೂ ಹಗುರ. ಸೈಕಲ್ ಹೋಗಿದ್ದು ಸೋಮ್‌ತಮ್ ಅನ್ನುವ ತಿನಿಸು ಮಾರುವ ಹೆಂಗಸಿನ ಮಗಳಿಗೆ. ಅವಳು ಹೈಸ್ಕೂಲು. ದುಡ್ಡು ಆಗಲೇ ತೆಗೆದುಕೊಂಡೆ, ಸೈಕಲ್ ಮಾತ್ರ ಹೊರಡುವ ದಿನದವರೆಗೆ ನನ್ನ ಹತ್ತಿರ ಅಂತ ಒಪ್ಪಂದ. ಇದು ಎಲ್ಲರಿಗೂ ಹೇಳುವ ಮಾತು: ದಿನಾ ಬಳಸುವ ಸಾಮಾನನ್ನು ಬೇಗ ಮಾರಿ, ತಡವಾಗಿ ಕೊಡಿ. ಕೊನೆಯ ಎರಡು ವಾರ ಫ್ಯಾನ್ ಇಲ್ಲದೆ ಬೆವರುತ್ತಾ ನೆಲದ ಮೇಲೆ ಮಲಗುವವರನ್ನು ಪಕ್ಕದ ಕೋಣೆಗಳಲ್ಲಿ ನೋಡಿದ್ದೇನೆ. ಯಾಕೆ ಬೇಕು?

ಊರಿಗೆ ತಂದ ಅಲ್ಲಿಯ ಪಾತ್ರೆ ಒಂದೇ, ಅಂಟು ಅಕ್ಕಿ ಬೇಯಿಸುವ ಬಿದಿರಿನ ಬುಟ್ಟಿ. ಚೂಪು ತಳದ್ದು, ತೂಕವೇ ಇಲ್ಲ. ರಾತ್ರಿ ನೆನೆಸಿಟ್ಟ ಅಕ್ಕಿಯನ್ನು ಅದರಲ್ಲಿ ಹಾಕಿ, ಕುದಿಯುವ ನೀರಿನ ಪಾತ್ರೆಯ ಬಾಯಿಗೆ ಕೂರಿಸಿ, ಮೇಲೊಂದು ಮುಚ್ಚಳ. ನಡುವೆ ಒಮ್ಮೆ ಬುಟ್ಟಿಯನ್ನು ಎತ್ತಿ ಕುಲುಕಿ ಅನ್ನದ ಮುದ್ದೆಯನ್ನು ಮಗುಚಬೇಕು. ಬೆಂದ ಮೇಲೆ ಹಲಗೆಯ ಮೇಲೆ ಹರಡಿ ಹಬೆ ಬಿಡಿಸಿ, ಆಮೇಲೆ ಸಣ್ಣ ಬುಟ್ಟಿಗೆ ತುಂಬುವುದು. ಹಬೆ ಬಿಡಿಸದಿದ್ದರೆ ತಳದ ಅನ್ನ ಮುದ್ದೆಯಾಗಿ ಹಾಳು. ಪಾತ್ರೆ ಅಲ್ಲೇ ಬಿಟ್ಟೆ, ಊರಿನ ಇಡ್ಲಿ ಪಾತ್ರೆಯ ತಳ ಅದಕ್ಕೆ ಸಾಕು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪಕ್ಕದ ಮನೆಯ ಅಜ್ಜ ಹಿತ್ತಾಳೆಯ ಬುದ್ಧನ ಮೂರ್ತಿ ಕೊಡಲು ಬಂದರು. ಕೈಯಷ್ಟು ಎತ್ತರ, ಹಳೆಯದು. ಥಾಯ್ಲೆಂಡಿನಿಂದ ಬುದ್ಧನ ಮೂರ್ತಿಯನ್ನು ಹೊರಗೆ ಒಯ್ಯಬೇಕೆಂದರೆ ಅಲ್ಲಿಯ ಲಲಿತಕಲಾ ಇಲಾಖೆಯ ಪರವಾನಗಿ ಬೇಕು. ಕೊರಳಿಗೆ ಹಾಕುವ ಪುಟ್ಟ ತಾಯತದ ಮಾತು ಬೇರೆ. ಇದನ್ನು ವಿವರಿಸಿ ಹೇಳಿದೆ. ಅಜ್ಜನಿಗೆ ಬೇಸರವೇನೂ ಆಗಲಿಲ್ಲ, ಮೂರ್ತಿ ಮನೆಯಲ್ಲೇ ಉಳಿಯಿತಲ್ಲ ಅಂತ ಅಜ್ಜಿಗೆ ಸಮಾಧಾನವೇ ಆಯಿತು ಅನ್ನಿಸುತ್ತದೆ.

ಪುಸ್ತಕಗಳನ್ನು ಅಂಚೆಗೆ ಹಾಕಿದೆ. ಅಂಚೆ ಕಚೇರಿಯಲ್ಲೇ ಬೇರೆ ಬೇರೆ ಅಳತೆಯ ರಟ್ಟಿನ ಪೆಟ್ಟಿಗೆ ಮಾರುತ್ತಾರೆ, ಟೇಪು ಅಲ್ಲೇ ಇರುತ್ತದೆ. ಬಟ್ಟೆಗಳಲ್ಲಿ ಚೆನ್ನಾಗಿದ್ದವನ್ನು ವಾಟ್‌ಗೆ ಕೊಟ್ಟೆ. ಅಲ್ಲಿ ದೇವಸ್ಥಾನಕ್ಕೆ, ವಿಹಾರಕ್ಕೆ ಎಲ್ಲಕ್ಕೂ ವಾಟ್ ಅಂತಲೇ ಹೇಳುವುದು.

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಇಷ್ಟೂ ಮುಗಿದಿತ್ತು. ಈಗ ನೋಡದ ಜಾಗಗಳ ಮಾತು.

ಸಂಗ್‌ಖೋಮ್ ಅನ್ನುವ ಕಡೆ ಬೆಟ್ಟದ ಮೇಲಿನ ವಾಟ್ ಒಂದರಲ್ಲಿ ಗಾಜಿನ ನೆಲದ ಸ್ಕೈವಾಕ್ ಇದೆ. ಕೆಳಗೆ ನದಿ, ಎದುರಿಗೆ ಲಾವೋಸಿನ ಬೆಟ್ಟ. ಫೋಟೊ ನೋಡಿದರೆ ಹೋಗಲೇಬೇಕು ಅನ್ನಿಸುತ್ತದೆ. ನೊಂಗ್ ಖಾಯ್‌ಗೆ ಎರಡು ದಿನಕ್ಕೆ ಬಂದವರೂ ಹೋಗಿ ಬರುತ್ತಾರೆ. ಆರು ತಿಂಗಳಿದ್ದು ನಾನು ಹೋಗಲಿಲ್ಲ. ಗೆಳತಿ ಫೋನಿನಲ್ಲಿ, “ಮತ್ತೆ ಯಾವಾಗ ಹೋಗ್ತೀಯೇ ಮಾರಾಯ್ತಿ, ಒಂದು ಕಾರು ಮಾಡ್ಕೊಂಡು ನೋಡ್ಕೊಂಡು ಬಾ” ಅಂದಳು. ಅವಳ ಮಾತು ತಪ್ಪಲ್ಲ. ಆದರೆ ಆ ಕೊನೆಯ ವಾರಗಳಲ್ಲಿ ನನಗೆ ಹೊಸದು ಬೇಕಿರಲಿಲ್ಲ. ದಿನಾ ಮಾಡುವುದನ್ನೇ ಇನ್ನೊಂದಷ್ಟು ದಿನ ಮಾಡಬೇಕಿತ್ತು. ಕಾರು ಮಾಡಿಕೊಂಡು ತಿರುಗಿದರೆ ನಾನು ಮತ್ತೆ ಪ್ರವಾಸಿಯೇ ಆಗುತ್ತಿದ್ದೆ. ಅದಕ್ಕೆ ಮೂರು ದಿನ ಸಾಕಿತ್ತಲ್ವಾ, ಆರು ತಿಂಗಳು ಯಾಕೆ?

ಹಳೆಯ ಜಾಗವೊಂದಕ್ಕೆ ಮಾತ್ರ ಮತ್ತೆ ಹೋದೆ. ಸಾಲಾ ಕೆವ್ ಕೂ, ಊರ ಹೊರಗಿನ ಶಿಲ್ಪಗಳ ತೋಟ. ಬುನ್‌ಲೂವ ಸುಲಿಲತ್ ಎನ್ನುವ ಸಾಧಕರು 1978ರಿಂದ ಅಲ್ಲಿ ಸಿಮೆಂಟಿನಲ್ಲಿ ಕಟ್ಟಿಸುತ್ತಾ ಹೋದದ್ದು. ಅದಕ್ಕೂ ಮೊದಲು ನದಿಯಾಚೆ ಲಾವೋಸಿನಲ್ಲಿ ಇಂಥದ್ದೇ ಒಂದು ತೋಟ ಮಾಡಿದ್ದರು. 1975ರಲ್ಲಿ ಅಲ್ಲಿ ಸರ್ಕಾರ ಬದಲಾದಾಗ ಈಚೆ ಬಂದರು. 1996ರಲ್ಲಿ ತೀರಿಕೊಂಡರು. ಏಳು ಹೆಡೆಯ ನಾಗನ ಕೆಳಗೆ ಕೂತ ಬುದ್ಧ ಅಲ್ಲಿ ಎಲ್ಲಕ್ಕಿಂತ ಎತ್ತರ, 25 ಮೀಟರ್. ಶಿವ, ವಿಷ್ಣು, ಗಣಪತಿ ಎಲ್ಲ ಇದ್ದಾರೆ, ನಮ್ಮ ದೇವರುಗಳೇ, ಆದರೆ ಮುಖ ಮಾತ್ರ ಯಾರದೋ. ನನಗೆ ಇಷ್ಟವಾದದ್ದು ಎತ್ತರದ್ದಲ್ಲ. ಒಂದು ಆನೆ ತನ್ನ ಪಾಡಿಗೆ ನಡೆದು ಹೋಗುತ್ತಿದೆ, ಸುತ್ತ ನಾಯಿಗಳು ಬೊಗಳುತ್ತಿವೆ. ಒಂದೆರಡು ನಾಯಿಗಳು ಅಂಗಿ ಹಾಕಿಕೊಂಡು ನಿಂತಿವೆ. ಅದನ್ನು ನೋಡಿ ನಾನು ಎಷ್ಟು ಸಲ ನಕ್ಕಿಲ್ಲ. ಆಮೇಲೆ ಬದುಕಿನ ಚಕ್ರ. ಹುಟ್ಟು, ಮದುವೆ, ಕೆಲಸ, ಮುಪ್ಪು, ಹೆಣದ ಪೆಟ್ಟಿಗೆ ಎಲ್ಲ ಗುಂಡಗೆ ಕೂತಿವೆ. ಕೊನೆಯಲ್ಲಿ ಒಬ್ಬ ಬೇಲಿಯ ಮೇಲೆ ಕಾಲೆತ್ತಿ ಆಚೆ ಇಡುತ್ತಿದ್ದಾನೆ. ಆಚೆ ಬುದ್ಧ ನಿಂತಿದ್ದಾನೆ. ಗಾರೆ ಅಲ್ಲಲ್ಲಿ ಕಪ್ಪಾಗಿದೆ. ಮಳೆಗಾಲದ ಕೊನೆಯಲ್ಲಿ ಪಾಚಿ ಹಸಿಯಾಗಿದ್ದಾಗ ನೋಡಲು ಚೆಂದ.

ಉಳಿದಂತೆ ದಿನಗಳು ಹಾಗೇ ಹೋದವು. ಬೆಳಗ್ಗೆ ಕೆಲಸ. ಮಧ್ಯಾಹ್ನ ಸೋಮ್‌ತಮ್. ಸಂಜೆ ನದಿ ದಂಡೆಯಲ್ಲಿ ಏರೋಬಿಕ್ಸ್.

ಸೋಮ್‌ತಮ್ ಅಂದರೆ ಪಪ್ಪಾಯಿ ಕಾಯಿಯ ಕೋಸಂಬರಿ ಅನ್ನಬಹುದು, ಆದರೆ ಕುಟ್ಟಿ ಮಾಡುವುದು. ನಾನು ಮೀನು ಮಾಂಸ ತಿನ್ನುವುದಿಲ್ಲ. ಈಸಾನ್ ಸೀಮೆಯಲ್ಲಿ, ಅಂದರೆ ಥಾಯ್ಲೆಂಡಿನ ಈ ಈಶಾನ್ಯ ಭಾಗದಲ್ಲಿ, ಅದು ದೊಡ್ಡ ತೊಡಕು. ಏನು ಕೇಳಿದರೂ ಅದರಲ್ಲಿ ಮೀನಿನ ಸಾರ ಇರುತ್ತದೆ, ಸೋಮ್‌ತಮ್‌ಗಂತೂ ಹುಳಿ ಬಂದ ಮೀನು ಬೀಳಲೇಬೇಕು. ಆ ಹೆಂಗಸು ಮೊದಲ ತಿಂಗಳು ನನ್ನನ್ನು ಅನುಮಾನದಿಂದ ನೋಡುತ್ತಿದ್ದಳು, ಮೀನಿಲ್ಲದೆ ಎಂಥ ರುಚಿ ಅಂತ. ಆಮೇಲೆ ನನಗಾಗಿ ಒಂದು ಸಣ್ಣ ಒರಳು ಬೇರೆ ಇಟ್ಟಳು. ಬೆಳ್ಳುಳ್ಳಿ, ಹಸಿಮೆಣಸು ಮೊದಲು ಕುಟ್ಟುವಳು. ಅದರ ಮೇಲೆ ತಾಳೆಬೆಲ್ಲ, ಉಪ್ಪು, ನಿಂಬೆ ಹಿಂಡಿ ಹಾಕಿದ ಸಿಪ್ಪೆ ಸಮೇತ. ಉದ್ದ ಅಲಸಂದೆಯನ್ನು ಕೈಯಲ್ಲೇ ಮುರಿದು, ಟೊಮೆಟೊ ಹೋಳು ಮಾಡಿ. ಕೊನೆಗೆ ಪಪ್ಪಾಯಿ ಎಳೆ. ಬಲಗೈಯಲ್ಲಿ ಒನಕೆ, ಎಡಗೈಯಲ್ಲಿ ಚಮಚ. ಒನಕೆ ಕುಟ್ಟುತ್ತದೆ, ಚಮಚ ಅಡಿಯಿಂದ ಮೇಲಕ್ಕೆ ತಿರುವುತ್ತದೆ. ಎರಡು ಕೈಗೂ ಬೇರೆ ಬೇರೆ ತಾಳ. ಪಪ್ಪಾಯಿ ಜಜ್ಜಬಾರದು, ಸ್ವಲ್ಪ ನಲುಗಬೇಕು ಅಷ್ಟೇ. ಮೇಲೆ ಹುರಿದ ಶೇಂಗಾ. ಕೊನೆಯ ವಾರ ಅವಳು ಒನಕೆ ನನ್ನ ಕೈಗೆ ಕೊಟ್ಟು ಎದುರಿಗೆ ಸ್ಟೂಲಿನ ಮೇಲೆ ಕೂತಳು. ನಾನು ಕುಟ್ಟಿದ್ದನ್ನು ತಿಂದು ನೋಡಿ, ನಿಂಬೆ ಕಡಿಮೆ ಅಂದಳು. ಸರಿ ಇತ್ತು ಅವಳ ಮಾತು. ಊರಿನಲ್ಲಿ ಈಗ ಒರಳು ಕಲ್ಲಿನದು, ಅದಕ್ಕೆ ಪಪ್ಪಾಯಿ ಸ್ವಲ್ಪ ಜಾಸ್ತಿಯೇ ನಲುಗುತ್ತದೆ. ಅಲ್ಲಿಯದು ಮಣ್ಣಿನ ಒರಳು, ಮರದ ಒನಕೆ. ಅದೇ ಬೇಕು.

ಏರೋಬಿಕ್ಸ್ ಥಾಯ್ಲೆಂಡಿನ ಊರೂರಿನಲ್ಲೂ ಇದೆ. ಸಂಜೆ ಐದೂವರೆಗೆಲ್ಲ ದೊಡ್ಡ ಸ್ಪೀಕರ್ ಇಟ್ಟು, ಎತ್ತರದ ಜಾಗದಲ್ಲಿ ಒಬ್ಬರು ನಿಂತು ಕುಣಿಸುತ್ತಾರೆ. ಬಹುಪಾಲು ಐವತ್ತು ದಾಟಿದ ಹೆಂಗಸರು. ಆರು ಗಂಟೆಗೆ ರಾಷ್ಟ್ರಗೀತೆ ಹಾಕುತ್ತಾರೆ. ಕುಣಿಯುವವರು, ಓಡುವವರು, ನಾಯಿ ಹಿಡಿದವರು, ಎಲ್ಲರೂ ಎಲ್ಲಿದ್ದರೋ ಅಲ್ಲೇ ನಿಲ್ಲುತ್ತಾರೆ. ಗೀತೆ ಮುಗಿದ ಕೂಡಲೇ ಮತ್ತೆ ಕುಣಿತ. ಅಲ್ಲಿ ನನಗೆ ಜನ ಸಿಕ್ಕಿದರು. ಭಾಷೆ ಸರಿಯಾಗಿ ಬಾರದೆಯೂ ಸ್ನೇಹ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ, ಎಲ್ಲರೂ ಒಟ್ಟಿಗೆ ಕಾಲು ತಪ್ಪುತ್ತಾರೆ. ನಾನು ಹೊರಡುವ ತಾರೀಕು ಅವರಿಗೆ ಬೇಗ ಹೇಳಿದ್ದೆ. ಹಾಗಾಗಿ ‘ಓಕ್ ಫನ್ಸಾ’ಕ್ಕೆ ತಮ್ಮ ಜೊತೆ ಬರಲೇಬೇಕು ಅಂತ ಹಟ ಹಿಡಿದರು.

ಮಳೆಗಾಲದ ಮೂರು ತಿಂಗಳು ಭಿಕ್ಷುಗಳು ಒಂದೇ ಕಡೆ ನಿಲ್ಲುತ್ತಾರೆ, ವರ್ಷಾವಾಸ. ಅದು ಮುಗಿಯುವ ಹುಣ್ಣಿಮೆಯೇ ಓಕ್ ಫನ್ಸಾ. ಆ ರಾತ್ರಿ ನೊಂಗ್ ಖಾಯ್‌ನಿಂದ ಕೆಳಗೆ ಫೋನ್ ಫಿಸಾಯ್ ಅನ್ನುವ ಊರಿನ ಕಡೆ ಮೆಕಾಂಗ್ ನೀರಿನಿಂದ ಕೆಂಪು ಬೆಂಕಿ ಉಂಡೆಗಳು ಏಳುತ್ತವೆ ಅಂತ ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ನದಿಯ ತಳದಲ್ಲಿರುವ ನಾಗರಾಜ ಬುದ್ಧನಿಗೆ ಅರ್ಪಿಸುವ ಬೆಂಕಿ ಅಂತ ನಂಬಿಕೆ. ತಳದ ಕೆಸರಿನಿಂದ ಬರುವ ಅನಿಲ ಅಂತ ಕೆಲವರು, ಆಚೆ ದಡದಿಂದ ಹಾರಿಸುವ ಗುಂಡು ಅಂತ ಇನ್ನು ಕೆಲವರು. 2002ರಲ್ಲಿ ಥಾಯ್ ಟಿವಿಯ ಒಂದು ಕಾರ್ಯಕ್ರಮ ಆ ಗುಂಡಿನ ಮಾತು ಎತ್ತಿದಾಗ ಅಲ್ಲಿಯ ಜನ ಬೀದಿಗೆ ಇಳಿದಿದ್ದರಂತೆ. ಪಿಕಪ್ ಗಾಡಿಯ ಹಿಂದೆ ಚಾಪೆ ಹಾಸಿಕೊಂಡು ಮಧ್ಯಾಹ್ನವೇ ಹೊರಟೆವು. ದಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕತ್ತಲಾದ ಮೇಲೆ ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ದೂರದಲ್ಲಿ ಕೆಂಪಗೆ ಒಂದು ಚುಕ್ಕೆ ನೇರವಾಗಿ ಮೇಲೆ ಹೋಗಿ ಆರಿತು. ಸದ್ದಿಲ್ಲ, ಹೊಗೆಯಿಲ್ಲ. ದಡದ ಉದ್ದಕ್ಕೂ ಜನ ಒಟ್ಟಿಗೆ “ಹೋ” ಅಂದರು. ಎಲ್ಲಿಂದ ಎದ್ದಿತು ಅಂತ ನನಗಂತೂ ಗೊತ್ತಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಕೈ ಮುಗಿದಿದ್ದರು. ವಾದ ಮಾಡುವ ಜಾಗ ಅದಲ್ಲ. ವಾಪಸ್ ಬರುವಾಗ ಗಾಡಿಗಳ ಸಾಲು ಎಷ್ಟಿತ್ತೆಂದರೆ ಕೋಣೆ ಮುಟ್ಟುವಾಗ ಕೋಳಿ ಕೂಗುತ್ತಿತ್ತು. ಹೋಗುವವರು ಅಲ್ಲೇ ಮಲಗುವ ಏರ್ಪಾಡು ಮಾಡಿಕೊಳ್ಳಿ.

ಹೊರಡುವ ದಿನ ಮಧ್ಯಾಹ್ನ ಪಾ ನನ್ನನ್ನು ಕೆಳಗೆ ಕರೆದರು. ಹಬ್ಬಕ್ಕೆ ಬಂದ ಮಕ್ಕಳು, ಮೊಮ್ಮಕ್ಕಳು, ಏರೋಬಿಕ್ಸ್‌ನ ನಾಲ್ಕು ಜನ, ಸೋಮ್‌ತಮ್ ಹೆಂಗಸು, ಎಲ್ಲ ಚಾಪೆಯ ಮೇಲೆ ಕೂತಿದ್ದರು. ಕೈಗೆ ನೂಲು ಕಟ್ಟುವುದು. ಈಸಾನ್‌ನಲ್ಲೂ ಲಾವೋಸಿನಲ್ಲೂ ಯಾರಾದರೂ ದೂರ ಹೊರಟರೆ, ಮದುವೆಯಾದರೆ, ಕಾಯಿಲೆಯಿಂದ ಎದ್ದರೆ ಹೀಗೆ ಕಟ್ಟುತ್ತಾರೆ. ಮನುಷ್ಯನ ಮೈಯಲ್ಲಿ 32 ಚೇತನಗಳಿರುತ್ತವೆ, ಅವು ಅಲ್ಲಿ ಇಲ್ಲಿ ಅಲೆಯದಂತೆ ಮೈಗೆ ಕಟ್ಟಿ ಹಾಕುವುದು ಅಂತ ಅವರ ಭಾವನೆ. ದೊಡ್ಡದಾಗಿ ಮಾಡಿದರೆ ಬಾಳೆಲೆಯನ್ನು ಗೋಪುರದ ಹಾಗೆ ಮಡಚಿ, ಹೂವು ಸಿಕ್ಕಿಸಿ, ಮಂತ್ರ ಹೇಳುವವರನ್ನು ಕರೆಸುತ್ತಾರೆ. ಪಾ ಮಾಡಿದ್ದು ಮನೆಯ ಮಟ್ಟಿಗೆ. ಒಂದು ತಟ್ಟೆಯಲ್ಲಿ ಬಿಳಿ ಹತ್ತಿ ನೂಲಿನ ತುಂಡುಗಳು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಅಂಟು ಅನ್ನ.

ಪಾ ನನ್ನ ಬಲಗೈಯನ್ನು ಅಂಗೈ ಮೇಲಾಗಿ ತಮ್ಮ ಮಂಡಿಯ ಮೇಲೆ ಇಟ್ಟುಕೊಂಡು ಮೊಟ್ಟೆಯನ್ನು ಅದರಲ್ಲಿ ಇಟ್ಟರು. ನೂಲಿನಿಂದ ಮುಂಗೈಯನ್ನು ಮೊದಲು ಹೊರಗಡೆಗೆ ಸವರಿದರು, ಕೆಟ್ಟದ್ದು ಹೋಗಲಿ ಅಂತ. ಆಮೇಲೆ ಒಳಗಡೆಗೆ, ಒಳ್ಳೆಯದು ಬರಲಿ ಅಂತ. ಎರಡು ಗಂಟು ಹಾಕಿ, ಗಂಟನ್ನು ಬೆರಳಲ್ಲಿ ಹೊಸೆಯುತ್ತಾ ಹರಸಿದರು. ಅವರು ಕಟ್ಟುವಾಗ ಪಕ್ಕದವಳು ನನ್ನ ಮೊಣಕೈ ಹಿಡಿದಿದ್ದಳು, ಅವಳ ತೋಳನ್ನು ಇನ್ನೊಬ್ಬಳು. ಹೀಗೆ ಎಲ್ಲರೂ ಒಬ್ಬರನ್ನೊಬ್ಬರು ಮುಟ್ಟಿಕೊಂಡು ಕೂತಿದ್ದರು. ಹರಕೆ ಈಸಾನ್ ಮಾತಿನಲ್ಲಿ ಇತ್ತು, ಅರ್ಧ ಅರ್ಥವಾಯಿತು. ಆರೋಗ್ಯ ಇರಲಿ, ದುಡ್ಡು ಬರಲಿ, ನಿನ್ನ ಅಮ್ಮನನ್ನು ಚೆನ್ನಾಗಿ ನೋಡಿಕೋ, ಮತ್ತೆ ಬಾ ‘ಲೂಕ್’. ಲೂಕ್ ಅಂದರೆ ಮಗು. ನನಗೆ ಐವತ್ತಾಗುತ್ತಾ ಬಂತು. ಕಣ್ಣು ತುಂಬಿತು ಅಂತ ಬೇರೆ ಹೇಳಬೇಕಾ? ಮೊಮ್ಮಗ ಕಟ್ಟಿದ ನೂಲು ಅಲ್ಲೇ ಬಿಚ್ಚಿಹೋಗಿ ಎಲ್ಲರೂ ನಕ್ಕರು, ಅವನು ಮತ್ತೆ ಕಟ್ಟಿದ. ನೂಲನ್ನು ಕನಿಷ್ಠ ಮೂರು ದಿನ ಇಟ್ಟುಕೊಳ್ಳಬೇಕು, ಕತ್ತರಿ ಹಾಕಬಾರದು, ಬಿಚ್ಚಬೇಕು ಅಂತ ಎಲ್ಲರೂ ಎಚ್ಚರಿಸಿದರು.

ಇದಕ್ಕೇ ನಾನು ಹೇಳಿದ್ದು, ಕೊನೆಯ ವಾರ ಖಾಲಿ ಇಟ್ಟುಕೊಳ್ಳಿ ಅಂತ. ಇಂಥದ್ದಕ್ಕೆ ನಾವು ದಿನ ಗೊತ್ತು ಮಾಡುವುದಕ್ಕಾಗುವುದಿಲ್ಲ. ಅವರು ಕರೆದಾಗ ನಾವು ಅಂಚೆ ಕಚೇರಿಯಲ್ಲಿ ಪೆಟ್ಟಿಗೆಗೆ ಟೇಪು ಹಚ್ಚುತ್ತಾ ಇರಬಾರದು.

ರೈಲು ಸಂಜೆಯದು. ನೊಂಗ್ ಖಾಯ್‌ನಿಂದ ಬ್ಯಾಂಕಾಕಿಗೆ ಸುಮಾರು 620 ಕಿಲೋಮೀಟರ್, ರಾತ್ರಿ ಮಲಗಿದರೆ ಬೆಳಗ್ಗೆ ಊರು. ಹತ್ತಿರದ ಉದೋನ್ ಥಾನಿಯಿಂದ ವಿಮಾನವೂ ಇದೆ, ಆದರೆ ಅಷ್ಟು ಲಗೇಜಿಗೆ ರೈಲೇ ವಾಸಿ. ಕೆಳಗಿನ ಬರ್ತ್ ಅಗಲ ಜಾಸ್ತಿ, ಕಿಟಕಿಯೂ ಅದಕ್ಕೇ. ಸ್ವಲ್ಪ ದುಬಾರಿ, ಆದರೂ ಅದನ್ನೇ ತೆಗೆದುಕೊಳ್ಳಿ. ಹಬ್ಬದ ಹುಣ್ಣಿಮೆಯ ಸುತ್ತಮುತ್ತ ಟಿಕೆಟ್ ಬೇಗ ಮುಗಿಯುತ್ತದೆ, ನಾನು ವಿಮಾನದ ಟಿಕೆಟ್ ಜೊತೆಗೇ ಮಾಡಿದ್ದೆ. ದೂರದ ರೈಲುಗಳು 2023ರಿಂದ ಕ್ರುಂಗ್ ಥೇಪ್ ಅಫಿವತ್ ಎನ್ನುವ ಹೊಸ ನಿಲ್ದಾಣಕ್ಕೆ ಹೋಗುತ್ತವೆ. ಹಳೆಯ ಹುವಾ ಲಂಪೋಂಗ್ ಅಂದುಕೊಂಡು ಹೋಟೆಲ್ ಮಾಡಬೇಡಿ. ಪಾ ಕಟ್ಟಿಕೊಟ್ಟಿದ್ದ ಬಾಳೆಲೆ ಪೊಟ್ಟಣಗಳು ರಾತ್ರಿಗೂ ಆದವು, ಬೆಳಗ್ಗೆಗೂ ಆದವು. ತೆಂಗಿನಹಾಲಿನಲ್ಲಿ ಬೆಂದ ಅಂಟು ಅಕ್ಕಿ, ಒಳಗೆ ಬಾಳೆಹಣ್ಣು, ಎರಡೆರಡು ಪೊಟ್ಟಣ ಜೋಡಿಸಿ ಕಟ್ಟಿದ್ದು. ಓಕ್ ಫನ್ಸಾಕ್ಕೆ ಮನೆಮನೆಯಲ್ಲೂ ಮಾಡುತ್ತಾರೆ.

ಮತ್ತೆ ಹೋಗ್ತೀಯಾ ಅಂತ ಎಲ್ಲರೂ ಕೇಳುತ್ತಾರೆ. ವೀಸಾ ಇನ್ನೂ ಇದೆ. ಈ ಸಲ ಕೊಯ್ಲು ಮುಗಿಸಿಕೊಂಡು ಫೆಬ್ರವರಿಗೆ. ಆಗ ನೀರು ಇಳಿದು ಮರಳ ದಿಬ್ಬಗಳು ಕಾಣುತ್ತವೆ, ಚಳಿ ಇನ್ನೂ ಪೂರ್ತಿ ಹೋಗಿರುವುದಿಲ್ಲ. 1847ರಲ್ಲಿ ದಡ ಕುಸಿದು ನದಿಗೆ ಬಿದ್ದ ಒಂದು ಹಳೆಯ ಸ್ತೂಪ ಇದೆ, ಅದರ ತಲೆ ಕಾಣುವುದೂ ನೀರು ಇಳಿದಾಗಲೇ. 2025ರ ಮೇ 1ರಿಂದ ಒಳಗೆ ಹೋಗುವ ವಿದೇಶಿಯರೆಲ್ಲ ಮುಟ್ಟುವುದಕ್ಕೆ ಮೊದಲಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಆಗಮನ ಚೀಟಿ ತುಂಬಬೇಕು. ದುಡ್ಡಿಲ್ಲ, ಹಾಗಾಗಿ ದುಡ್ಡು ಕೇಳುವ ಜಾಲತಾಣ ಕಂಡರೆ ದೂರ ಇರಿ. ಕೋಣೆ ಬೇಕಾದರೆ ಡಿಸೆಂಬರ್ ಒಳಗೆ ಹೇಳು ಅಂತ ಪಾ ಲೈನ್‌ನಲ್ಲಿ ಬರೆದಿದ್ದರು. ಹೇಳಿದ್ದೇನೆ. ಮುಂಗಡ ಈ ಸಲ ಒಂದೇ ತಿಂಗಳದು ಸಾಕಂತೆ, ಕರೆಂಟಿನ ದರ ಮಾತ್ರ ಹಾಗೇ.